ಮೊದಲು ಸುಮ್ಮನಾಗುವ ಕಪ್ಪೆ

ವರದಾ ನದಿಯ ದಂಡೆಯಲ್ಲಿ ಅನಂತಪಾದರ ಆಶ್ರಮವಿತ್ತು. ಒಂದು ಕಾಲಕ್ಕೆ ಅಲ್ಲಿ ಪಂಕ್ತಿ ಹಾಕಿದರೆ ಬಾಳೆಲೆ ಸಾಲದಷ್ಟು ಶಿಷ್ಯರಿದ್ದರಂತೆ. ಈಗ ಉಳಿದವನು ಸಾಂತಣ್ಣ ಒಬ್ಬನೇ.

ಉಳಿದವರೆಲ್ಲ ವಿದ್ಯೆ ಮುಗಿಸಿ ಹೋದರು ಎಂದು ಗುರುಗಳು ಹೇಳುತ್ತಿದ್ದರು. ಕುಂಬಳಕಾಯಿ ತಿಂದು ತಿಂದು ಬೇಸತ್ತು ಹೋದರು ಎಂದು ಸಾಂತಣ್ಣನಿಗೆ ಗೊತ್ತಿತ್ತು.

ಆಶ್ರಮದ ಹಿತ್ತಲಲ್ಲಿ ಬೇರೇನು ಬಿತ್ತಿದರೂ ಏಳುತ್ತಿರಲಿಲ್ಲ. ಕುಂಬಳ ಮಾತ್ರ ಬೇಡವೆಂದರೂ ಹಬ್ಬುತ್ತಿತ್ತು. ಬೆಳಿಗ್ಗೆ ಅದರ ಪಲ್ಯ, ಸಂಜೆ ಅದರ ಹುಳಿ. ಅಕ್ಕಿ ಇದ್ದ ದಿನ ಜೊತೆಗೆ ಅನ್ನ. ಇಲ್ಲದ ದಿನ ಪಲ್ಯಕ್ಕೇ ಹುಳಿ ಕಲಸಿಕೊಂಡು ಊಟ.

ಹೀಗಿರುವಾಗ ಸಂತೆಯಲ್ಲಿ ಒಂದು ದಿನ ಡಂಗುರ ಸಾರಿದರು.

ನಾಡಿನ ಅರಸನಿಗೆ ಒಂದು ಬೇಸರ ಹತ್ತಿತ್ತು. ಆಸ್ಥಾನದ ಪಂಡಿತರೆಲ್ಲ ತಮ್ಮ ಗುರುಗಳು ಹೇಳಿದ್ದನ್ನೇ ಹೇಳುತ್ತಿದ್ದರು. ಅವರ ಶಿಷ್ಯರು ಅವರು ಹೇಳಿದ್ದನ್ನೇ ಹೇಳುತ್ತಿದ್ದರು. ಅರಮನೆಯಲ್ಲಿ ಹೊಸ ಮಾತು ಕೇಳಿ ಎಷ್ಟೋ ವರ್ಷಗಳಾಗಿದ್ದವು.

ಅದಕ್ಕೇ ಈ ಡಂಗುರ. ಗುರು ಶಿಷ್ಯ ಇಬ್ಬರೂ ಜೊತೆಯಾಗಿ, ಇಬ್ಬರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ಹುಡುಕಬೇಕು. ಹಾಗೆ ಹುಡುಕುವವರಿಗೆ ವರ್ಷಕ್ಕಾಗುವಷ್ಟು ಅಕ್ಕಿ, ಎಣ್ಣೆ, ಬಟ್ಟೆ, ಅದರ ಮೇಲೆ ಹಾಲು ಕರೆಯುವ ಹಸು ಒಂದು. ಬರೀ ಗುರುವಿಗೆ ಇಲ್ಲ, ಬರೀ ಶಿಷ್ಯನಿಗೂ ಇಲ್ಲ. ಜೋಡಿಗೆ ಮಾತ್ರ.

ನಾಡೆಲ್ಲ ಗಡಿಬಿಡಿಯಾಯಿತು. ಹುಡುಗರ ಗಲಾಟೆಯಿಂದ ತಪಸ್ಸು ಕೆಡುತ್ತದೆ ಎನ್ನುತ್ತಿದ್ದ ಗುರುಗಳು ಹಾದಿಗೆ ಬಂದು ನಿಂತು, ಹೋಗಿಬರುವವರನ್ನು "ಮಗೂ, ವಿದ್ಯೆ ಏನಾದರೂ ಬೇಕಿತ್ತೇ?" ಎಂದು ವಿಚಾರಿಸತೊಡಗಿದರು. ಒಬ್ಬರಂತೂ ತಮ್ಮ ಭಾವಮೈದುನನಿಗೇ ಉಪದೇಶ ಕೊಟ್ಟು ಶಿಷ್ಯನನ್ನಾಗಿ ಮಾಡಿಕೊಂಡರು.

ಹೊಳೆಯಾಚೆಯ ಆಶ್ರಮದ ಪ್ರಜ್ಞಾಸಾಗರರು ಸಾಂತಣ್ಣನನ್ನು ಸಂತೆಯಲ್ಲೇ ಹಿಡಿದು ನಿಲ್ಲಿಸಿದರು.

"ನನ್ನ ಜೊತೆ ಬಾರಯ್ಯ. ನಾನು ಪ್ರಶ್ನೆ ಸಿದ್ಧ ಮಾಡಿಟ್ಟಿದ್ದೇನೆ. ಶಿಷ್ಯನೊಬ್ಬನೇ ಕಡಿಮೆ."

"ಏನು ಪ್ರಶ್ನೆ, ಸ್ವಾಮಿ?"

"ನಮ್ಮ ಅರಸರ ಕೀರ್ತಿ ಬೆಳದಿಂಗಳಿಗಿಂತ ಬೆಳ್ಳಗಿದೆಯೋ ಇಲ್ಲವೋ ಎಂಬುದು."

"ಅದಕ್ಕೆ ಉತ್ತರ?"

"ಅದೂ ಸಿದ್ಧವಾಗಿದೆ."

"ಹಾಗಾದರೆ ನಾವು ಹುಡುಕುವುದೇನು?"

"ಊಟಕ್ಕೆ ತುಪ್ಪ ಎಷ್ಟು ಹಿಡಿಸುತ್ತದೆ ಎಂಬುದನ್ನು" ಎಂದರು ಪ್ರಜ್ಞಾಸಾಗರರು.

ತುಪ್ಪ ಎಂಬ ಮಾತು ಸಾಂತಣ್ಣನ ನಾಲಿಗೆಯ ಮೇಲೆ ದಾರಿಯುದ್ದಕ್ಕೂ ಕೂತಿತ್ತು. ಯೋಚಿಸಿ ಹೇಳುತ್ತೇನೆ ಎಂದು ಬಂದಿದ್ದ. ಹೊಳೆ ದಾಟಿ ಆಶ್ರಮಕ್ಕೆ ಬಂದಾಗ ಗುರುಗಳು ಜಗಲಿಯಲ್ಲಿ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದರು. ಅದನ್ನು ನೋಡಿ ಅವನಿಗೆ ಅಳು ಬಂದ ಹಾಗಾಯಿತು. ಆದರೂ ಇವರನ್ನು ಬಿಟ್ಟು ಹೋಗುವ ಮುಂಚೆ ಒಂದು ಮಾತು ಹೇಳಿಯೇ ನೋಡೋಣವೆಂದು ಡಂಗುರದ ಸುದ್ದಿಯನ್ನೆಲ್ಲ ಹೇಳಿದ.

"ಒಳ್ಳೆಯ ಅರಸ" ಎಂದರು ಅನಂತಪಾದರು. "ನಿನ್ನ ಪ್ರಶ್ನೆ ಯಾವುದು?"

ಸಾಂತಣ್ಣ ಬೆನ್ನು ನೆಟ್ಟಗೆ ಮಾಡಿ ಕೂತ. "ಆತ್ಮ ಎಲ್ಲಿರುತ್ತದೆ?"

"ಅದು ಗೊತ್ತಿದೆ. ಬೇರೆ ಕೇಳು."

"ಸತ್ತ ಮೇಲೆ ಏನಾಗುತ್ತದೆ?"

"ಮೊನ್ನೆಯೇ ಹೇಳಿದೆನಲ್ಲ. ನೀನು ತೂಕಡಿಸುತ್ತಿದ್ದೆ."

"ಈ ಲೋಕ ನಿಜವೋ ಸುಳ್ಳೋ?"

"ಗೊತ್ತಿದೆ."

"ಗುರುಗಳೇ, ಒಂದನ್ನಾದರೂ ಗೊತ್ತಿಲ್ಲ ಎನ್ನಿ. ಇಬ್ಬರಿಗೂ ಗೊತ್ತಿಲ್ಲದ್ದೇ ಆಗಬೇಕಂತೆ. ಅಕ್ಕಿಯ ವಿಷಯ."

"ಗೊತ್ತಿರುವುದನ್ನು ಗೊತ್ತಿಲ್ಲ ಎನ್ನಲೇ?"

ಅಷ್ಟರಲ್ಲಿ ಹೊತ್ತು ಮುಳುಗಿತು. ಆಶ್ರಮದ ಹಿಂದಿನ ಕೊಳದಲ್ಲಿ ಕಪ್ಪೆಗಳು ಶುರುಮಾಡಿದವು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಕೊಳಕ್ಕೆ ಕೊಳವೇ ವಟಗುಟ್ಟತೊಡಗಿತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಾಯಿತು. ಸಾಂತಣ್ಣ ಕುತ್ತಿಗೆಯ ನರ ಉಬ್ಬಿಸಿ ಕೂಗಬೇಕಾಯಿತು. ಅವನು ಕೂಗುತ್ತಿದ್ದ ಹಾಗೆಯೇ ಕಪ್ಪೆಗಳೆಲ್ಲ ಒಮ್ಮೆಲೇ ನಿಂತವು.

"ಹಸು ಕೊಡುತ್ತಾರೆ" ಎಂಬ ಅವನ ಕೂಗೊಂದೇ ಆ ನಿಶ್ಶಬ್ದದಲ್ಲಿ ಹೊಳೆಯಾಚೆಗೂ ಕೇಳಿಸಿತು.

ಸಾಂತಣ್ಣನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. "ಹಾಳು ಕಪ್ಪೆಗಳು. ಇಷ್ಟು ಹೊತ್ತು ಒದರಿ ಈಗ ಎಲ್ಲ ಕೂಡಿಯೇ ಸುಮ್ಮನಾದವಲ್ಲ, ಮೊದಲು ಸುಮ್ಮನಾದದ್ದು ಯಾವುದು?"

ಗುರುಗಳು ಬಾಯಿ ತೆರೆದರು. ಮುಚ್ಚಿದರು. ಕೈಯಲ್ಲಿದ್ದ ಕುಂಬಳದ ಹೋಳನ್ನು ಕೆಳಗಿಟ್ಟರು.

"ಗೊತ್ತಿಲ್ಲ" ಎಂದರು.

ಇಷ್ಟು ಹೊತ್ತು ಆ ಮಾತಿಗಾಗಿಯೇ ಸಾಂತಣ್ಣ ಗೋಗರೆದಿದ್ದ. ಅದು ಬಂದ ಮೇಲೆ ಯಾಕೋ ಎದೆ ಧಸಕ್ಕೆಂದಿತು. ಇಷ್ಟು ವರ್ಷಗಳಲ್ಲಿ ಈ ಬಾಯಿಂದ ಈ ಮಾತನ್ನು ಅವನು ಕೇಳಿರಲಿಲ್ಲ. ಕಪ್ಪೆಯೊಂದರ ವಿಷಯ ಗೊತ್ತಿಲ್ಲದವರಿಗೆ ಮಿಕ್ಕಿದ್ದೆಲ್ಲ ಗೊತ್ತಿರುವುದು ಹೇಗೆ? ಆ ಯೋಚನೆ ಬಂದದ್ದೇ ತಪ್ಪೆನಿಸಿ ಕೆನ್ನೆ ಬಡಿದುಕೊಂಡ.

ಗುರುಗಳು ಆಗಲೇ ಎದ್ದು ಪಂಚೆ ಎತ್ತಿ ಕಟ್ಟಿದ್ದರು.

"ಬಾ, ಕೊಳಕ್ಕೆ ಹೋಗೋಣ."

"ಊಟ, ಗುರುಗಳೇ?"

"ಕುಂಬಳಕಾಯಿ ಎಲ್ಲಿಗೂ ಓಡಿಹೋಗುವುದಿಲ್ಲ."

ಆದರೆ ಹುಡುಕುವುದು ಹೇಳಿದಷ್ಟು ಸುಲಭವಿರಲಿಲ್ಲ. ಇವರು ಹೆಜ್ಜೆ ಇಟ್ಟ ಕೂಡಲೇ ಕಪ್ಪೆಗಳು ಬಾಯಿ ಮುಚ್ಚುತ್ತಿದ್ದವು. ಕದಲದೆ ಕೂತರೆ ಮತ್ತೆ ಶುರು. ಕದಲದೆ ಕೂತರೆ ಸೊಳ್ಳೆ. ಸೊಳ್ಳೆ ಹೊಡೆದರೆ ಮತ್ತೆ ಕಪ್ಪೆಗಳು ಚುಪ್.

ದಿನದಿನವೂ ಮುಸ್ಸಂಜೆಗೆ ಗುರುಗಳು ಜೊಂಡಿನ ಕಡೆ, ಸಾಂತಣ್ಣ ಮೆಟ್ಟಿಲ ಕಡೆ ಕೂರುವುದೆಂದಾಯಿತು. ಧ್ಯಾನಕ್ಕೆ ಕೂತಾಗ ಮಂಡಿ ನೋವೆನ್ನುತ್ತಿದ್ದ ಗುರುಗಳು ಇಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಸಿರು ಬಿಗಿಹಿಡಿಯುತ್ತಿದ್ದರು.

ಒಂದು ಸಂಜೆ ಕಪ್ಪೆಗಳು ನಿಂತ ಕೂಡಲೇ ಗುರುಗಳು ಸಂತೋಷದಿಂದ ಓಡಿಬಂದರು.

"ಸಿಕ್ಕಿತು, ಸಾಂತಣ್ಣ. ನಡುವಿನ ಬಂಡೆಯ ಮೇಲೆ ಕೂತಿದೆ ನೋಡು, ಆ ದಪ್ಪದ್ದು. ಅದೇ ಹಿರಿಯ. ಅದು ಸುಮ್ಮನಾದ ಮೇಲೆಯೇ ಉಳಿದವು ಸುಮ್ಮನಾದದ್ದು. ನೀನೂ ಕೇಳಿದೆಯಲ್ಲ?"

ಸಾಂತಣ್ಣ ಕೇಳಿದ್ದು ಬೇರೆ. ಅವನ ಕಡೆಯ ಕಪ್ಪೆಗಳು ಅದಕ್ಕೂ ಮುಂಚೆಯೇ ನಿಂತಿದ್ದವು. ಆದರೆ ಗುರುಗಳ ಮುಖ ಹೊಳೆಯುತ್ತಿತ್ತು.

"ಕೇಳಿದೆ, ಗುರುಗಳೇ. ಆ ದಪ್ಪದ್ದೇ."

"ಅದರ ದನಿ ಹೇಗಿತ್ತು?"

"ಗಂಭೀರವಾಗಿತ್ತು, ಗುರುಗಳೇ. ಹಿರಿಯರ ದನಿಯ ಹಾಗೆ."

ಅನಂತಪಾದರು ನೀರಿಗಿಳಿದು ಬಂಡೆಯ ಮೇಲಿನದನ್ನು ಎತ್ತಿ ತಂದು ಅವನ ಅಂಗೈಯಲ್ಲಿಟ್ಟರು. ಅದು ಮಣ್ಣಿನ ಮುದ್ದೆ.

"ಮಧ್ಯಾಹ್ನ ನಾನೇ ಮಾಡಿಟ್ಟೆ" ಎಂದರು. "ಕಣ್ಣು ಸರಿಯಾಗಿ ಬಂದಿಲ್ಲ."

ಸಾಂತಣ್ಣ ತಲೆ ತಗ್ಗಿಸಿದ.

"ಅರಸ ಜೋಡಿ ಬೇಕೆಂದು ಕೇಳಿದ್ದಾನೆ. ನನ್ನ ಮಾತಿಗೆ ಹೌದೆನ್ನಲು ನೀನೇ ಯಾಕೆ ಬೇಕು? ಆ ಕೆಲಸಕ್ಕೆ ಈ ಮುದ್ದೆ ಸಾಕಲ್ಲ."

ಅಂದು ರಾತ್ರಿ ಸಾಂತಣ್ಣನಿಗೆ ಊಟ ಸೇರಲಿಲ್ಲ. ಗುರುಗಳ ಮಾತಿಗೆ ಅಲ್ಲವೆನ್ನುವುದು ಹೇಗೆಂದೇ ಅವನು ಕಲಿತಿರಲಿಲ್ಲ. ಮರುಸಂಜೆ ಮೊದಲ ಸಲ "ಅಲ್ಲ, ಗುರುಗಳೇ" ಎಂದ. ಎಷ್ಟು ಮೆಲ್ಲಗೆ ಎಂದನೆಂದರೆ ಗುರುಗಳಿಗೆ ಕೇಳಿಸಲಿಲ್ಲ. ಅದರ ಮರುದಿನ ಕೇಳಿಸುವ ಹಾಗೆ ಎಂದ. ಆಮೇಲೆ ಅದೇ ರೂಢಿಯಾಗಿಹೋಯಿತು.

"ಇವತ್ತು ಜೊಂಡಿನ ಕಡೆಯವೇ ಮೊದಲು ನಿಂತವು" ಎಂದು ಗುರುಗಳು ಒಮ್ಮೆ ಹೇಳಿದರು.

"ತಾವು ಕೆಮ್ಮಿದಿರಿ. ಅದಕ್ಕೆ ನಿಂತವು."

"ನಾನು ಕೆಮ್ಮಲಿಲ್ಲ."

"ಕೆಮ್ಮಿದಿರಿ, ಗುರುಗಳೇ."

"ಗಂಟಲು ಸರಿಮಾಡಿಕೊಂಡೆ. ಅದು ಕೆಮ್ಮಲ್ಲ."

"ಕಪ್ಪೆಗಳಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ."

ಗುರುಗಳು ಮಾತು ಬಿಟ್ಟು ಮಲಗಿದರು. ಸಾಂತಣ್ಣ ನಿದ್ದೆಯಿಲ್ಲದೆ ಹೊರಳಾಡಿದ. ಇಷ್ಟು ವರ್ಷ ಅನ್ನ ಹಾಕಿದ ಗುರುಗಳೊಡನೆ, ಅನ್ನವಲ್ಲದಿದ್ದರೆ ಕುಂಬಳಕಾಯಿಯಾದರೂ ಹಾಕಿದವರೊಡನೆ, ಕೆಮ್ಮಿನ ಸಲುವಾಗಿ ಜಗಳವಾಡಿದೆನಲ್ಲ ಎಂದು ಸಂಕಟವಾಯಿತು. ಬೆಳಿಗ್ಗೆ ಎದ್ದು ಕಾಲು ಹಿಡಿಯಬೇಕೆಂದು ಹೋದ.

ಅನಂತಪಾದರು ಹಲ್ಲುಜ್ಜುತ್ತಿದ್ದರು. ಬಾಯಿ ಮುಕ್ಕಳಿಸಿ ಉಗುಳಿ, "ಕೆಮ್ಮಿದ್ದೆ" ಎಂದರು.

ಅಂದೇ ಸಾಂತಣ್ಣ ಹೊಳೆ ದಾಟಿ ಹೋಗಿ, ತಾನು ಬರುವುದಿಲ್ಲವೆಂದು ಪ್ರಜ್ಞಾಸಾಗರರಿಗೆ ಹೇಳಿಬಂದ. ಅಲ್ಲಿ ಆಗಲೇ ಬೇರೊಬ್ಬ ಶಿಷ್ಯ ಸಿಕ್ಕಿದ್ದ. ಒಗ್ಗರಣೆಯ ವಾಸನೆ ಬರುತ್ತಿತ್ತು. ಸಾಂತಣ್ಣ ಮೂಗು ಮುಚ್ಚಿಕೊಂಡು ಬೇಗಬೇಗ ನಡೆದುಬಂದ.

ಕೆಲವು ದಿನಗಳ ಮೇಲೆ ಅರಮನೆಯ ಹೆಗ್ಗಡೆ ಕುದುರೆ ಏರಿ ಬಂದ. ಯಾರ ಪ್ರಶ್ನೆಗೆ ಅರಸನ ನೆರವು ಸಲ್ಲಬೇಕೆಂದು ನೋಡಿ ಹೇಳುವುದು ಅವನ ಕೆಲಸ. ಅವನು ಬಂದಾಗ ಅನಂತಪಾದರು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು. ಸಾಂತಣ್ಣ ದಡದ ಮೇಲೆ ನಿಂತು ಕೈ ಬೀಸುತ್ತಿದ್ದ.

"ಇನ್ನೂ ಆಚೆ. ಹಾಂ, ಅಲ್ಲೇ. ಅಲ್ಲಾಡಬೇಡಿ. ಕೆಮ್ಮು ಬಂದರೆ ನುಂಗಿಕೊಳ್ಳಿ."

ಹೆಗ್ಗಡೆ ಕುದುರೆಯಿಂದ ಇಳಿದು ಸಾಂತಣ್ಣನಿಗೆ ಕೈ ಮುಗಿದ. "ನಮಸ್ಕಾರ, ಗುರುಗಳೇ."

ಸಾಂತಣ್ಣ ಬೆವತುಹೋದ. "ಸ್ವಾಮಿ, ನಾನು ಶಿಷ್ಯ. ಗುರುಗಳು ನೀರಿನಲ್ಲಿದ್ದಾರೆ."

ಹೆಗ್ಗಡೆ ಒಬ್ಬರನ್ನು ನೋಡಿ ಇನ್ನೊಬ್ಬರನ್ನು ನೋಡಿದ. ಗುರುಗಳು ಪಂಚೆ ಹಿಂಡಿಕೊಂಡು ಬಂದು ಜಗಲಿಯಲ್ಲಿ ಕೂತ ಮೇಲೆ ವಿಚಾರಣೆ ಶುರುವಾಯಿತು.

"ನಿಮ್ಮ ಪ್ರಶ್ನೆ?"

ಸಾಂತಣ್ಣ ಹೇಳಿದ. ಹೆಗ್ಗಡೆ ಇನ್ನೊಮ್ಮೆ ಹೇಳಿಸಿಕೊಂಡ.

"ಕಪ್ಪೆ?"

"ಹೌದು, ಸ್ವಾಮಿ."

"ಇದರಿಂದ ಅರಸರಿಗೆ ಏನು ಪ್ರಯೋಜನ?"

ಈ ಪ್ರಶ್ನೆ ಬರುತ್ತದೆಂದು ಸಾಂತಣ್ಣ ಮೊದಲೇ ಲೆಕ್ಕ ಹಾಕಿದ್ದ. ಅಕ್ಕಿ, ಎಣ್ಣೆ, ಹಸು ಎಲ್ಲ ಕಣ್ಣ ಮುಂದೆ ಬಂದವು. "ಸ್ವಾಮಿ, ಇಷ್ಟು ಕಪ್ಪೆಗಳು ಒಂದೇ ಕ್ಷಣಕ್ಕೆ ಸುಮ್ಮನಾಗುವ ಗುಟ್ಟು ತಿಳಿದರೆ, ನಮ್ಮ ಅರಸರ ಸೈನ್ಯವನ್ನೂ ಹಾಗೇ ಒಂದೇ ಕ್ಷಣಕ್ಕೆ ಸದ್ದಿಲ್ಲದಂತೆ ಮಾಡಬಹುದು. ಇರುಳಲ್ಲಿ ಶತ್ರುವಿನ ಮೇಲೆ ಹೋಗುವಾಗ ಕುದುರೆ ಕೂಡ ಕೆನೆಯದು."

ಹೆಗ್ಗಡೆಯ ಹುಬ್ಬು ಮೇಲೇರಿತು. "ಇದು ಚೆನ್ನಾಗಿದೆ. ಉತ್ತರ ಯಾವಾಗ ಸಿಗುತ್ತದೆ, ಸ್ವಾಮಿ?" ಎಂದು ಗುರುಗಳನ್ನು ಕೇಳಿದ.

"ಗೊತ್ತಿಲ್ಲ."

"ಸಿಗುವುದಂತೂ ಖಂಡಿತವೇ?"

"ಗೊತ್ತಿಲ್ಲ."

"ಸೈನ್ಯದ ಮಾತು?"

"ಅದು ನನಗೂ ಈಗಲೇ ಗೊತ್ತಾದದ್ದು."

ಸಾಂತಣ್ಣನ ಕಿವಿ ಬಿಸಿಯಾಯಿತು. ಹೆಗ್ಗಡೆ ನಿಟ್ಟುಸಿರು ಬಿಟ್ಟ. "ನೋಡಿ ಸ್ವಾಮಿ, ಗುರುಗಳನ್ನೂ ಶಿಷ್ಯರನ್ನೂ ಒಟ್ಟಿಗೆ ಕೂರಿಸಿ ಲೆಕ್ಕ ಕೇಳುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಒಬ್ಬರನ್ನು ಹಿಡಿದರೆ ಇನ್ನೊಬ್ಬರು ಜಿಗಿಯುತ್ತಾರೆ. ಇಲ್ಲಿ ಕಪ್ಪೆಗಳೂ ಬಂದವು. ನಾನು ಒಂದು ಗಳಿಗೆ ನೋಡಿ ಹೊರಡುತ್ತೇನೆ."

ಮುಸ್ಸಂಜೆಗೆ ಮೂವರೂ ಕೊಳದ ದಡದಲ್ಲಿ ಕೂತರು. ಕಪ್ಪೆಗಳು ಶುರುಮಾಡಲೇ ಇಲ್ಲ. ಹೆಗ್ಗಡೆ ಮಾತಾಡುತ್ತಿದ್ದ. ದಾರಿ ಎಷ್ಟು ಹಾಳಾಗಿದೆ, ಯಾವ ಆಶ್ರಮದಲ್ಲಿ ಮಜ್ಜಿಗೆ ಹುಳಿಯಾಗಿತ್ತು, ಯಾವ ಗುರು ತನ್ನನ್ನು ಬಿಸಿಲಲ್ಲಿ ಕಾಯಿಸಿದ, ಎಲ್ಲವನ್ನೂ ಹೇಳುತ್ತಿದ್ದ.

"ಹೆಗ್ಗಡೆಯವರೇ," ಎಂದರು ಅನಂತಪಾದರು, "ಅವು ನಿಮ್ಮ ಮಾತು ಮುಗಿಯಲೆಂದು ಕಾಯುತ್ತಿವೆ."

ಹೆಗ್ಗಡೆ ಬಾಯಿ ಮುಚ್ಚಿದ. ಅವನಿಗೆ ಅದು ಅಭ್ಯಾಸವಿದ್ದ ಕೆಲಸವಲ್ಲ. ಬೆರಳ ನೆಟಿಕೆ ಮುರಿದ, ಮೀಸೆ ತಿರುವಿದ, ಕೊನೆಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟು ಕೂತ.

ಆಗ ಒಂದು ಕಪ್ಪೆ ದನಿ ತೆಗೆಯಿತು. ಇನ್ನೊಂದು ಅದರ ಮಾತನ್ನು ಎತ್ತಿಕೊಂಡಿತು. ನೋಡನೋಡುತ್ತ ಕೊಳ ತುಂಬ, ಕಿವಿ ತುಂಬ, ಎದೆಯ ಗೂಡಿನ ತುಂಬ ಅದೇ ಸದ್ದು. ಮತ್ತೆ, ಯಾರೋ ಕೈ ಎತ್ತಿದ ಹಾಗೆ, ಎಲ್ಲ ನಿಂತಿತು. ನೀರಿನ ಮೇಲೆ ಒಂದು ಎಲೆ ಬಿದ್ದದ್ದು ಕೇಳಿಸಿತು.

"ಎಡಗಡೆಯದು" ಎಂದು ಹೆಗ್ಗಡೆ ಪಿಸುಗುಟ್ಟಿದ.

"ಅಲ್ಲ, ಜೊಂಡಿನ ಕಡೆಯದು" ಎಂದರು ಗುರುಗಳು.

"ಇಬ್ಬರದ್ದೂ ತಪ್ಪು. ಮೆಟ್ಟಿಲ ಹತ್ತಿರದ್ದು" ಎಂದ ಸಾಂತಣ್ಣ.

"ನನ್ನ ಕಿವಿ ಅರಮನೆಯ ಗೋಡೆಯಾಚೆಯ ಪಿಸುಮಾತನ್ನೂ ಬಿಟ್ಟಿಲ್ಲ, ತಿಳಿಯಿತೇ? ಎಡಗಡೆಯದೇ" ಎಂದ ಹೆಗ್ಗಡೆ.

"ಹಾಗಾದರೆ ನಾಳೆ ಎಡಗಡೆಯೇ ಕೂತು ನೋಡಿ."

ಹೆಗ್ಗಡೆ ಉಳಿದ. ಮರುಸಂಜೆ ಎಡಗಡೆ ಕೂತ. ಸದ್ದು ನಿಂತದ್ದು ಬಲಗಡೆಯಿಂದ ಎನ್ನಿಸಿತು. ಅದನ್ನು ಒಪ್ಪಿಕೊಳ್ಳಲು ಮನಸ್ಸಾಗದೆ ಇನ್ನೊಂದು ದಿನ ಉಳಿದ. ಕುಂಬಳಕಾಯಿಯ ಪಲ್ಯ ತಿಂದ, ಹುಳಿ ತಿಂದ, ಇದೇನು ದಿನಾ ಇದೇ ಎಂದು ಕೇಳಲೂ ಮರೆತ. ಮೂರನೆಯ ಸಂಜೆ ಪಾದರಕ್ಷೆ ಬಿಟ್ಟು ನೀರಿಗೇ ಇಳಿದ. ಕುದುರೆ ಹಗ್ಗ ಬಿಚ್ಚಿಕೊಂಡು ಹಿತ್ತಲಿನ ಕುಂಬಳದ ಬಳ್ಳಿಯನ್ನು ಅರ್ಧಕ್ಕರ್ಧ ಮೇದದ್ದು ಯಾರಿಗೂ ಗೊತ್ತಾಗಲಿಲ್ಲ.

ಹೊರಡುವ ಬೆಳಿಗ್ಗೆ ಹೆಗ್ಗಡೆ ರುಮಾಲು ಸುತ್ತಿಕೊಂಡು ಮತ್ತೆ ಅಧಿಕಾರಿಯಾದ.

"ಸೈನ್ಯದ ಮಾತನ್ನು ಅರಸರಿಗೆ ಹೇಳುತ್ತೇನೆ. ಅದೊಂದಿದ್ದರೆ ನೆರವು ಖಂಡಿತ."

ಸಾಂತಣ್ಣ ಗುರುಗಳ ಮುಖ ನೋಡಿದ. ಅವರು ಬೇರೆಲ್ಲೋ ನೋಡುತ್ತಿದ್ದರು. ಹೌದೆಂದು ತಲೆಯಾಡಿಸಿಬಿಟ್ಟರೆ ಸಾಕು, ಹಸು ಬಂದ ಹಾಗೆ. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಸ್ವಾಮಿ, ಸೈನ್ಯದ ಮಾತು ಸುಳ್ಳು. ನಾನೇ ಕಟ್ಟಿ ಹೇಳಿದೆ. ಕಪ್ಪೆಗಳಿಂದ ಸೈನ್ಯಕ್ಕೆ ಏನಾಗುತ್ತದೋ ನಮಗೆ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದು."

ಹೆಗ್ಗಡೆ ಕುದುರೆ ಏರಲು ಒಂದು ಕಾಲು ಜೀನಿನ ರಿಕಾಪಿನಲ್ಲಿಟ್ಟವನು ಹಾಗೇ ನಿಂತ.

"ಪ್ರಯೋಜನ ಗೊತ್ತಿಲ್ಲ. ಉತ್ತರ ಯಾವಾಗ ಎಂದು ಗೊತ್ತಿಲ್ಲ. ಸಿಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಸ್ವಾಮಿ, ಯಾತಕ್ಕೆಂದು ನಾನು ಅರಸರಿಂದ ಅಕ್ಕಿ ಕೇಳಲಿ?"

ಅನಂತಪಾದರು ಕುದುರೆಯ ಕುತ್ತಿಗೆ ಸವರಿದರು.

"ನೀವು ಬಂದದ್ದು ಒಂದು ಗಳಿಗೆಗೆ. ಮೂರು ಸಂಜೆ ಉಳಿದಿರಿ. ಅದು ಯಾತಕ್ಕೋ, ಇದೂ ಅದಕ್ಕೇ ಎಂದು ಹೇಳಿ."

ಹೆಗ್ಗಡೆ ಕುದುರೆ ಏರಿ ಹೊರಟುಹೋದ.

ಎಷ್ಟೋ ದಿನ ಸುದ್ದಿಯಿರಲಿಲ್ಲ. ಹೊಳೆಯಾಚೆ ಮಾತ್ರ ಗಾಡಿಗಳು ಬಂದವು. ಅರಸರ ಕೀರ್ತಿ ಬೆಳದಿಂಗಳಿಗಿಂತ ಬೆಳ್ಳಗಿದೆ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ತಿಳಿದುಬಂದಿತಂತೆ. ಪ್ರಜ್ಞಾಸಾಗರರಿಗೆ ಎರಡು ಹಸು ಸಿಕ್ಕಿದವು. ಅವು ಅಂಬಾ ಎಂದರೆ ಇಲ್ಲಿ ಸಾಂತಣ್ಣನ ಹೊಟ್ಟೆಯೊಳಗೆ ಚುರುಕ್ಕೆನ್ನುತ್ತಿತ್ತು. ಆದರೂ ಮುಸ್ಸಂಜೆಯಾದರೆ ಕೊಳದ ದಾರಿ ಹಿಡಿಯುವುದನ್ನು ಅವನು ಬಿಡಲಿಲ್ಲ.

ಕೊನೆಗೊಂದು ದಿನ ಇವರ ಬಾಗಿಲಿಗೂ ಗಾಡಿ ಬಂತು. ಅಕ್ಕಿ ಇತ್ತು, ಎಣ್ಣೆ ಇತ್ತು, ಹಿಂದೆ ಒಂದು ಕೊಂಬು ಮುರಿದ ಹಸು ಇತ್ತು. ಬಟ್ಟೆ ದಾರಿಯಲ್ಲೆಲ್ಲೋ ತಪ್ಪಿಹೋಗಿತ್ತು.

"ಹೆಗ್ಗಡೆಯವರು ನಿಮ್ಮ ಪ್ರಶ್ನೆಯನ್ನು ಆಸ್ಥಾನದಲ್ಲಿ ಎತ್ತಿದರು" ಎಂದು ಗಾಡಿಯವನು ಹೇಳಿದ. "ಆಗ ಪಂಡಿತರೆಲ್ಲ ಏನೋ ದೊಡ್ಡ ವಾದದಲ್ಲಿದ್ದರಂತೆ. ಇದನ್ನು ಕೇಳಿ ಎಲ್ಲರೂ ಒಮ್ಮೆಲೇ ಸುಮ್ಮನಾದರಂತೆ. ಮೊದಲು ಸುಮ್ಮನಾದವರು ಯಾರೆಂದು ಅರಸರು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲವಂತೆ. ನಕ್ಕು ನಕ್ಕು ಅಕ್ಕಿ ಕಳಿಸಿ ಎಂದರಂತೆ."

ಅಂದು ಆಶ್ರಮದಲ್ಲಿ ಬಿಸಿ ಅನ್ನ, ಹಾಲು. ಗುರು ಶಿಷ್ಯ ಇಬ್ಬರೂ ಮತ್ತೆ ಮತ್ತೆ ಬಡಿಸಿಕೊಂಡು ಉಂಡರು.

ಊಟವಾದ ಮೇಲೆ ಕೊಳದ ಕಡೆ ನಡೆಯುತ್ತ ಸಾಂತಣ್ಣ, ಇಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಆಡಿಯೇಬಿಟ್ಟ.

"ಗುರುಗಳೇ, ಕಪ್ಪೆಯ ವಿಷಯ ಗೊತ್ತಿಲ್ಲ ಎಂದಿರಿ. ಅದು ನಿಜ. ಮಿಕ್ಕಿದ್ದೆಲ್ಲ ಗೊತ್ತಿದೆ ಎನ್ನುತ್ತಿದ್ದಿರಲ್ಲ, ಆತ್ಮ, ಸಾವು, ಈ ಲೋಕ, ಅವೂ ನಿಜವಾಗಿ ಗೊತ್ತೇ?"

ಅನಂತಪಾದರು ನಿಂತರು. ದಾರಿಯಲ್ಲಿ ಯಾರಾದರೂ ಬರುತ್ತಿದ್ದಾರೆಯೇ ಎಂದು ಹಿಂದೆ ನೋಡಿದರು. ಹೊಳೆಯಾಚೆಗೂ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಮೆಲ್ಲಗೆ ನೀರಿಗಿಳಿದರು.

"ಒಂದು ಸಲಕ್ಕೆ ಒಂದೇ ಕಪ್ಪೆ, ಸಾಂತಣ್ಣ."